ಸೋಲಿಗೆ ಹೆಗಲು ಕೊಟ್ಟ ಹಿರಿಯರು

ಮನೆಯಿರಲಿ, ಶಾಲೆಯಿರಲಿ, ಸಹಕಾರಿ ಸಂಘವಿರಲಿ, ನಾಲ್ಕು ಜನ ಕೂಡಿ ಒಂದು ಕಾರ್ಯಕ್ಕೆ ಕೈಹಾಕಿದಲ್ಲೆಲ್ಲ ಮುಂದೆ ನಿಲ್ಲುವ ಒಬ್ಬ ಹಿರಿಯ ಬೇಕಾಗುತ್ತಾನೆ. ಆ ಹಿರಿತನದ ಹೊಣೆ ಎರಡು ಬಗೆಯದು. ಹಿಡಿದ ಕಾರ್ಯ ಚೆನ್ನಾಗಿ ನೆರವೇರಬೇಕು. ಅದನ್ನು ನೆರವೇರಿಸುವ ಜನ ಬಾಡದೆ, ಮುರಿಯದೆ ಉಳಿಯಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಅಸಾಧ್ಯವೆಂದೇ ಬಹುಜನರ ಭಾವನೆ. ಬಿಗಿಯಾಗಿದ್ದರೆ ಮಾತ್ರ ಕೆಲಸ ನಡೆಯುತ್ತದೆ, ಮೆತ್ತಗಾದರೆ ತಲೆಯ ಮೇಲೆ ಕೂರುತ್ತಾರೆ ಎಂಬ ಮಾತನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಎತ್ತು ಕಟ್ಟಿ ಬೇಸಾಯ ಮಾಡಿದ ನಮ್ಮ ಹಿರಿಯರಿಗೆ ಮಾತ್ರ ಈ ಗೊಂದಲವಿರಲಿಲ್ಲವೆಂದು ತೋರುತ್ತದೆ. ಹದ ಬಂದ ದಿನ ಹೊಲ ಹರಗಲೇಬೇಕು; ಹದ ಯಾರಿಗಾಗಿಯೂ ಕಾಯುವುದಿಲ್ಲ. ಆದರೂ ಬಿಸಿಲೇರಿದಾಗ ನೊಗ ಇಳಿಸಿ, ಎತ್ತಿಗೆ ನೀರು ತೋರಿಸಿ, ಕೊರಳು ಸವರಿ ನೋಡಿ, ಆಮೇಲೆ ತನ್ನ ಬುತ್ತಿ ಬಿಚ್ಚುವವನೇ ಒಳ್ಳೆಯ ರೈತನೆನಿಸಿಕೊಳ್ಳುತ್ತಿದ್ದ. ಎತ್ತಿನ ಮೇಲಿನ ಮರುಕದಿಂದ ಉಳುಮೆ ಬಿಟ್ಟವನೂ ಕೆಟ್ಟ. ಉಳುಮೆಯ ಅವಸರದಲ್ಲಿ ಎತ್ತು ಕಳೆದುಕೊಂಡವನೂ ಕೆಟ್ಟ.

ನಾನು ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಸೇವೆ ಸಲ್ಲಿಸಿದವನು. ಅದರಲ್ಲಿ ಕೊನೆಯ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯನಾಗಿದ್ದೆ. ಅದಕ್ಕೂ ಮೊದಲು ಹಲವು ಮುಖ್ಯೋಪಾಧ್ಯಾಯರ ಕೈಕೆಳಗೆ ದುಡಿದಿದ್ದೇನೆ. ಅವರಲ್ಲಿ ಇಬ್ಬರು ನನ್ನ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದಿದ್ದಾರೆ. ಮೊದಲನೆಯವರು ಅತ್ಯಂತ ಶಿಸ್ತಿನವರು. ಅವರ ಪಾದರಕ್ಷೆಯ ಸಪ್ಪಳ ಕೇಳಿದರೆ ಶಿಕ್ಷಕರ ಕೊಠಡಿ ಸ್ತಬ್ಧವಾಗುತ್ತಿತ್ತು. ಫಲಿತಾಂಶ ಕಡಿಮೆಯಾದ ವಿಷಯದ ಶಿಕ್ಷಕನನ್ನು ಮಕ್ಕಳ ಮುಂದೆಯೇ ನಿಲ್ಲಿಸಿ ಕೇಳುತ್ತಿದ್ದರು. ಎರಡು ವರ್ಷ ಫಲಿತಾಂಶ ಏರಿತು. ಮೂರನೆಯ ವರ್ಷದಿಂದ ಒಳ್ಳೆಯ ಶಿಕ್ಷಕರು ಒಬ್ಬೊಬ್ಬರಾಗಿ ಬೇರೆಡೆ ಹೊರಟರು. ಉಳಿದವರು ತಮ್ಮ ತರಗತಿಯ ಕೊರತೆಗಳನ್ನು ಅಡಗಿಸಿಡುವುದನ್ನು ಕಲಿತರು. ತಪ್ಪನ್ನು ಹೇಳಿಕೊಂಡರೆ ಅವಮಾನವೆಂದಾದ ಮೇಲೆ ತಪ್ಪು ಹೊರಬರುವ ದಾರಿಯೇ ಮುಚ್ಚಿಹೋಯಿತು. ಅದು ಪರೀಕ್ಷೆಯ ದಿನ ಮಕ್ಕಳ ಉತ್ತರ ಪತ್ರಿಕೆಯಲ್ಲಿಯೇ ಕಾಣಿಸಿಕೊಳ್ಳತೊಡಗಿತು.

ಎರಡನೆಯವರು ದೇವರಂಥ ಮನುಷ್ಯರು. ಯಾರಿಗೂ ಒಂದು ಕಟುನುಡಿ ಆಡಿದವರಲ್ಲ. ತಡವಾಗಿ ಬಂದವರಿಗೂ ನಗುಮುಖ, ಪಾಠ ಮುಗಿಸದವರಿಗೂ ನಗುಮುಖ. ಅವರ ಕಾಲದಲ್ಲಿ ಶಿಕ್ಷಕರೆಲ್ಲ ಸುಖವಾಗಿದ್ದರು. ಆ ಸುಖದ ಬೆಲೆಯನ್ನು ತೆತ್ತವರು ಮಕ್ಕಳು. ಹೊಲದ ಕೂಲಿ ಮಾಡಿ ಮಗನನ್ನು ಓದಿಸುತ್ತಿದ್ದ ತಾಯಿಯೊಬ್ಬಳು ಅವನು ನಪಾಸಾದ ದಿನ ಶಾಲೆಯ ಕಟ್ಟೆಯ ಮೇಲೆ ಕುಳಿತು ಅತ್ತದ್ದನ್ನು ನಾನು ಕಂಡಿದ್ದೇನೆ. ದುಡಿಯುವವರ ಮೇಲಿನ ಕರುಣೆ, ಆ ದುಡಿಮೆಯನ್ನು ನಂಬಿದವರ ಮೇಲಿನ ನಿಷ್ಕರುಣೆಯಾಗಿ ಪರಿಣಮಿಸಬಹುದು ಎಂಬುದು ಅಂದು ನನಗೆ ಮನವರಿಕೆಯಾಯಿತು.

ಹಾಗಾದರೆ ನಡುವಿನ ಹಾದಿ ಯಾವುದು? ಈ ಪ್ರಶ್ನೆ ಬಹುಕಾಲ ನನ್ನನ್ನು ಕಾಡುತ್ತಿತ್ತು. ಇದಕ್ಕೆ ನನಗೆ ತೃಪ್ತಿಕರವಾದ ಉತ್ತರ ದೊರೆತದ್ದು ಶಿಕ್ಷಣ ಶಾಸ್ತ್ರದ ಗ್ರಂಥಗಳಿಂದಲ್ಲ. ನಮ್ಮ ದೇಶದ ಬಾಹ್ಯಾಕಾಶ ಸಂಸ್ಥೆಯ ಆರಂಭದ ದಿನಗಳ ಇತಿಹಾಸದಿಂದ.

ಪ್ರೊಫೆಸರ್ ಸತೀಶ್ ಧವನ್ ಅವರ ಹೆಸರನ್ನು ಓದುಗರು ಕೇಳಿರಬಹುದು. ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಇಂದು ಅವರದೇ ಹೆಸರಿದೆ. 1920ರಲ್ಲಿ ಶ್ರೀನಗರದಲ್ಲಿ ಜನಿಸಿದ ಅವರು ಲಾಹೋರಿನಲ್ಲಿ ಗಣಿತ, ಭೌತಶಾಸ್ತ್ರಗಳ ಪದವಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದವರು. ಅಮೆರಿಕದಲ್ಲಿ ವಿಮಾನ ವಿಜ್ಞಾನದ ಉನ್ನತ ವ್ಯಾಸಂಗ ಮುಗಿಸಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಮ್ಮ ಜನ ಪ್ರೀತಿಯಿಂದ 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಆ ಸಂಸ್ಥೆಗೆ 1962ರಿಂದ 1981ರವರೆಗೆ ಅವರೇ ನಿರ್ದೇಶಕರು. 1971ರ ಡಿಸೆಂಬರಿನಲ್ಲಿ ಡಾ. ವಿಕ್ರಂ ಸಾರಾಭಾಯಿ ಅವರು ಹಠಾತ್ತನೆ ನಿಧನರಾದಾಗ, ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಬೇಕೆಂದು ಪ್ರಧಾನಿ ಇಂದಿರಾ ಗಾಂಧಿ ಅವರು ಧವನ್ ಅವರನ್ನು ಕೇಳಿಕೊಂಡರು. ಧವನ್ ಎರಡು ಷರತ್ತು ಹಾಕಿದರು: ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕ ಸ್ಥಾನವನ್ನು ಬಿಡುವುದಿಲ್ಲ. ಎರಡೂ ಒಪ್ಪಿಗೆಯಾದವು. 1972ರಿಂದ 1984ರವರೆಗೆ ಅವರು ಇಸ್ರೋ ಅಧ್ಯಕ್ಷರಾಗಿದ್ದರು.

ಎರಡು ದೊಡ್ಡ ಸಂಸ್ಥೆಗಳ ಭಾರವನ್ನು ಒಬ್ಬನೇ ಹೊರಬೇಕಾದಾಗ ಎಲ್ಲವನ್ನೂ ತಾನೇ ಮಾಡುತ್ತೇನೆಂಬ ಹಟ ಸಾಗದು. ತಕ್ಕವರನ್ನು ಹುಡುಕಿ, ಹೊಣೆ ಒಪ್ಪಿಸಿ, ನಂಬಬೇಕಾಗುತ್ತದೆ. ನಮ್ಮ ಉಡುಪಿ ಕಡೆಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿತು. ಇನ್ನು ನಮ್ಮದೇ ರಾಕೆಟ್ಟಿನಿಂದ ನಮ್ಮದೇ ಉಪಗ್ರಹವನ್ನು ಏರಿಸುವ ಕಾರ್ಯ ಉಳಿದಿತ್ತು. ಅದಕ್ಕಾಗಿ ಎಸ್.ಎಲ್.ವಿ.-3 ಎಂಬ ನಾಲ್ಕು ಹಂತಗಳ ರಾಕೆಟ್ಟಿನ ಯೋಜನೆ ನಡೆದಿತ್ತು. ಅದರ ಯೋಜನಾ ನಿರ್ದೇಶಕರಾಗಿದ್ದವರು ಮುಂದೆ ರಾಷ್ಟ್ರಪತಿಗಳಾದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಲ್ಲಿ ಆ ರಾಕೆಟ್ ಮೇಲೇರಿತು. ಉಡಾವಣೆಗೆ ಕೆಲವೇ ನಿಮಿಷಗಳಿರುವಾಗ ಗಣಕಯಂತ್ರವು ತಡೆಯಿರೆಂದು ಸೂಚಿಸಿತ್ತೆಂದೂ, ಜೊತೆಗಿದ್ದ ತಜ್ಞರ ಸಲಹೆಯಂತೆ ತಾವು ಅದನ್ನು ಮೀರಿ ಮುಂದುವರಿದೆವೆಂದೂ ಕಲಾಂ ಅವರೇ ಮುಂದೆ ಅನೇಕ ಸಭೆಗಳಲ್ಲಿ ಹೇಳಿದ್ದಾರೆ. ಮೊದಲ ಹಂತ ಸುಸೂತ್ರವಾಗಿ ನಡೆಯಿತು. ಎರಡನೆಯ ಹಂತದಲ್ಲಿ ನಿಯಂತ್ರಣ ತಪ್ಪಿ, ಸುಮಾರು ಐದು ನಿಮಿಷಗಳಲ್ಲಿ ಎಲ್ಲವೂ ಬಂಗಾಳ ಕೊಲ್ಲಿಯ ಪಾಲಾಯಿತು. ನೂರಾರು ಜನರ ವರ್ಷಗಟ್ಟಲೆಯ ದುಡಿಮೆ ಕಣ್ಣೆದುರೇ ನೀರಿಗೆ ಬಿದ್ದಿತು.

ಆ ಹೊತ್ತಿನಲ್ಲಿ ಇಬ್ಬರು ಹಿರಿಯರು ನಡೆದುಕೊಂಡ ರೀತಿಯನ್ನು ನಾವು ಗಮನಿಸಬೇಕು. ಒಬ್ಬರು ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರವನ್ನು ಕಟ್ಟಿ ನಡೆಸಿದ್ದ ಲೋಹವಿಜ್ಞಾನಿ ಡಾ. ಬ್ರಹ್ಮ ಪ್ರಕಾಶ್. ನಿದ್ದೆಗೆಟ್ಟು ಬಸವಳಿದಿದ್ದ ಕಲಾಂ ತಮ್ಮ ಕೊಠಡಿಗೆ ಹೋಗಿ ಮಲಗಿಬಿಟ್ಟರು. ಮಧ್ಯಾಹ್ನ ಕಳೆದ ಮೇಲೆ ಬ್ರಹ್ಮ ಪ್ರಕಾಶರು ಬಂದು ಎಬ್ಬಿಸಿ, ಊಟಕ್ಕೆ ಹೋಗೋಣವೆಂದು ಕರೆದೊಯ್ದರು. ಅದಕ್ಕೂ ಮೊದಲು ಎರಡು ಸಲ ಅವರು ಬಂದು, ಕಲಾಂ ನಿದ್ರಿಸುತ್ತಿದ್ದುದನ್ನು ಕಂಡು ಹಿಂದಿರುಗಿದ್ದರಂತೆ. ಅಷ್ಟು ಹೊತ್ತು ತಾವೂ ಉಣ್ಣದೆ ಕಾದಿದ್ದರಂತೆ. 1999ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಕಲಾಂ ಈ ಸಂಗತಿಯನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ದೇಶದ ಬಹುದೊಡ್ಡ ಪ್ರಯೋಗವೊಂದು ವಿಫಲವಾದ ದಿನ, ಅದಕ್ಕೆ ಹೊಣೆಗಾರನಾದವನ ಬಳಿ ಹಿರಿಯ ಅಧಿಕಾರಿಯೊಬ್ಬ ಕೇಳಿದ ಮೊದಲ ಪ್ರಶ್ನೆ ಊಟದ್ದು! ಇದನ್ನು ಓದಿದಾಗ ನನ್ನ ಕಣ್ಣು ತೇವಗೊಂಡವು.

ಮತ್ತೊಬ್ಬರು ಧವನ್. ಪತ್ರಕರ್ತರ ಮುಂದೆ ಯಾರು ಕೂರಬೇಕು? ಕಲಾಂ ಅಂಜಿದ್ದರು. ಧವನ್ ಅವರೇ ಮುಂದೆ ಬಂದು ಪತ್ರಿಕಾಗೋಷ್ಠಿ ನಡೆಸಿದರು. ವಿಫಲವಾಗಿದ್ದೇವೆ ಎಂಬುದನ್ನು ಮುಚ್ಚಿಡಲಿಲ್ಲ. ತಮ್ಮ ವಿಜ್ಞಾನಿಗಳಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದೂ, ಮುಂದಿನ ವರ್ಷ ಅವರು ಯಶಸ್ವಿಯಾಗುವರೆಂದೂ ಹೇಳಿದರು. ಟೀಕೆಯೆಲ್ಲ ಅವರ ಮೇಲೆ ಬಿದ್ದಿತು. 1980ರ ಜುಲೈ 18ರಂದು ಅದೇ ತಂಡ, ಅದೇ ಕಲಾಂ ನೇತೃತ್ವದಲ್ಲಿ, 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದೂ ಪತ್ರಿಕಾಗೋಷ್ಠಿಯಿತ್ತು. ಈ ಸಲ ಧವನ್ ಹಿಂದೆ ಸರಿದು, ಗೋಷ್ಠಿಯನ್ನು ನಡೆಸುವಂತೆ ಕಲಾಂ ಅವರಿಗೆ ಹೇಳಿದರು.

ಈ ಪ್ರಸಂಗವನ್ನು ಅನೇಕರು ಅನೇಕ ಕಡೆ ಹೇಳಿದ್ದಾರೆ. ಹೇಳುವವರು ಇದನ್ನು ದೊಡ್ಡ ಮನಸ್ಸಿನ ಉದಾಹರಣೆಯೆಂದು ಹೊಗಳಿ ಮುಗಿಸಿಬಿಡುತ್ತಾರೆ. ಆದರೆ ಎರಡು ಪತ್ರಿಕಾಗೋಷ್ಠಿಗಳ ನಡುವಿನ ಹನ್ನೊಂದು ತಿಂಗಳಲ್ಲಿ ನಡೆದದ್ದು ಅಷ್ಟೇ ಮುಖ್ಯವಾದುದು. ವೈಫಲ್ಯದ ಮರುದಿನವೇ ವಿಜ್ಞಾನಿಗಳ ಪರಾಮರ್ಶೆಯ ಸಭೆ ಸೇರಿತು. ಕಾರಣ ಶೋಧನೆಗೆ ಸಮಿತಿ ರಚನೆಯಾಯಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಕಸ ಸಿಕ್ಕಿ ಕವಾಟವೊಂದು ಮುಚ್ಚಿಕೊಳ್ಳದೆ, ನೈಟ್ರಿಕ್ ಆಮ್ಲವು ಉಡಾವಣೆಗೆ ಮೊದಲೇ ಸೋರಿಹೋಗಿತ್ತೆಂಬುದು ಬೆಳಕಿಗೆ ಬಂದಿತು. ಅಲ್ಲಿ ಯಾರಿಗೂ ರಿಯಾಯಿತಿಯಿರಲಿಲ್ಲ. ಪ್ರತಿಯೊಂದು ಕೊಳವೆ, ಪ್ರತಿಯೊಂದು ತಿರುಪು, ಪ್ರತಿಯೊಬ್ಬರ ತೀರ್ಮಾನವೂ ಪರೀಕ್ಷೆಗೆ ಒಳಪಟ್ಟಿತು. ತಮ್ಮ ಕೆಲಸವನ್ನು ಹೊರಗಿನ ತಜ್ಞರ ಕಣ್ಣಿಗೂ ಒಡ್ಡುವ ಪರಾಮರ್ಶೆಯ ಪದ್ಧತಿಯನ್ನು ಇಸ್ರೋದಲ್ಲಿ ಬೇರೂರಿಸಿದವರು ಧವನ್ ಅವರೇ.

ಇಲ್ಲಿಯೇ ನನಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೊರಗಿನವರ ಎದುರು ತನ್ನವರನ್ನು ಕಾಯಬೇಕು. ಒಳಗೆ ಕೆಲಸವನ್ನು ಕಿಂಚಿತ್ತೂ ಬಿಡದೆ ಶೋಧಿಸಬೇಕು. ನಮ್ಮಲ್ಲಿ ಬಹುಪಾಲು ನಡೆಯುವುದು ಇದಕ್ಕೆ ತಿರುಗುಮುರುಗು. ನಾಲ್ಕು ಜನರ ಎದುರು ಕೈಕೆಳಗಿನವರನ್ನು ಬಯ್ಯುತ್ತೇವೆ; ಒಳಗೆ ಕುಳಿತು ಏಕೆ ಹೀಗಾಯಿತೆಂದು ಶಾಂತವಾಗಿ ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಮೊದಲನೆಯದು ಮನುಷ್ಯನನ್ನು ನೋಯಿಸುತ್ತದೆ, ಎರಡನೆಯದು ಕೆಲಸವನ್ನು ಕೆಡಿಸುತ್ತದೆ. ತನಗೆ ಅವಮಾನವಾಗದೆಂಬ ಭರವಸೆಯಿದ್ದವನು ಮಾತ್ರ 'ಕವಾಟದಲ್ಲಿ ಕಸವಿತ್ತು, ನಾನು ನೋಡಲಿಲ್ಲ' ಎಂದು ಒಪ್ಪಿಕೊಳ್ಳಬಲ್ಲ. ಆ ಮಾತು ಹೊರಬಿದ್ದರೆ ಮಾತ್ರ ಮುಂದಿನ ರಾಕೆಟ್ ಮೇಲೇರುತ್ತದೆ. ಹೀಗೆ ನೋಡಿದರೆ ಜನರ ಮೇಲಿನ ಕಾಳಜಿ ಕೆಲಸಕ್ಕೆ ಅಡ್ಡಿಯಾಗದು. ಒಳ್ಳೆಯ ಕೆಲಸಕ್ಕೆ ಅದೇ ತಳಹದಿಯಾಗುತ್ತದೆ.

ನಾನು ಮುಖ್ಯೋಪಾಧ್ಯಾಯನಾದ ಮೇಲೆ ಇದನ್ನು ಒರೆಗೆ ಹಚ್ಚುವ ಪ್ರಸಂಗವೊಂದು ಬಂದಿತು. ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ನೂರು ಫಲಿತಾಂಶ ಬರಬೇಕೆಂದು ಆಡಳಿತ ಮಂಡಳಿಯವರ ಆಸೆ. ಅದೇನೂ ತಪ್ಪಲ್ಲ. ಆದರೆ ಅದಕ್ಕೆ ಅವರು ಸೂಚಿಸಿದ ಉಪಾಯ ಬೇರೆ. ಓದಿನಲ್ಲಿ ಹಿಂದುಳಿದ ಹದಿನಾಲ್ಕು ಮಕ್ಕಳನ್ನು ಶಾಲೆಯ ಹೆಸರಿನಲ್ಲಿ ಪರೀಕ್ಷೆಗೆ ಕೂರಿಸದೆ, ಖಾಸಗಿಯಾಗಿ ಕಟ್ಟುವಂತೆ ಪೋಷಕರಿಗೆ ತಿಳಿಸಬೇಕು. ಪಕ್ಕದ ಊರುಗಳಲ್ಲಿಯೂ ಹೀಗೆಯೇ ನಡೆಯುತ್ತಿದೆಯೆಂದು ಸಮರ್ಥನೆ ಬೇರೆ. ಶಾಲೆಯ ಹಲಗೆಯ ಮೇಲೆ 'ಶೇಕಡಾ 100' ಎಂದು ಬರೆಯಬಹುದು; ಆ ಹದಿನಾಲ್ಕು ಮನೆಗಳಲ್ಲಿ ಮಾತ್ರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಹೆಣ್ಣುಮಕ್ಕಳಾದರೆ ಆ ವರ್ಷವೇ ಮದುವೆಯ ಮಾತು ಏಳುತ್ತಿತ್ತು. ಇದು ನನ್ನಿಂದಾಗದೆಂದು ವಿನಯದಿಂದಲೇ ತಿಳಿಸಿದೆ. ಫಲಿತಾಂಶಕ್ಕೆ ಉತ್ತರ ಹೇಳುವವನು ನಾನು, ಯಾವ ಶಿಕ್ಷಕರನ್ನೂ ಕೇಳಬೇಡಿರೆಂದು ಕೈಮುಗಿದೆ.

ಮರುದಿನ ಶಿಕ್ಷಕರನ್ನು ಸೇರಿಸಿ, ಆ ಹದಿನಾಲ್ಕು ಮಕ್ಕಳ ಹೆಸರು ಬರೆದು, ಒಬ್ಬೊಬ್ಬರ ತೊಡಕೇನೆಂದು ಹುಡುಕತೊಡಗಿದೆವು. 'ದಡ್ಡ' ಎಂಬ ಒಂದೇ ಪದದ ಕೆಳಗೆ ನಾವು ಎಷ್ಟೊಂದು ಬೇರೆ ಬೇರೆ ಸಂಗತಿಗಳನ್ನು ತುಂಬಿಟ್ಟಿದ್ದೆವು! ಒಬ್ಬ ಹುಡುಗನಿಗೆ ಕರಿಹಲಗೆಯ ಅಕ್ಷರ ಕಾಣುತ್ತಿರಲಿಲ್ಲ, ಕನ್ನಡಕ ಬೇಕಾಗಿತ್ತು. ಒಬ್ಬಳು ಬೆಳಗಿನಲ್ಲಿ ಮನೆಗೆಲಸ ಮುಗಿಸಿ ಹಸಿದು ಬರುತ್ತಿದ್ದಳು. ಐದಾರು ಮಕ್ಕಳಿಗೆ ಭಿನ್ನರಾಶಿಯೇ ತಿಳಿದಿರಲಿಲ್ಲ. ಅವರ ಮುಂದೆ ಹತ್ತನೆಯ ತರಗತಿಯ ಬೀಜಗಣಿತ ಹೇಳಿ ಫಲವೇನು? ಗಣಿತದ ಶಿಕ್ಷಕರು ಅವರಿಗೆ ಐದನೆಯ ತರಗತಿಯ ಲೆಕ್ಕದಿಂದ ಆರಂಭಿಸಿದರು. ಸಂಜೆಯ ತರಗತಿಗಳು ಹೆಚ್ಚಿದವು. ಒಬ್ಬ ಶಿಕ್ಷಕಿಯ ಮನೆಯಲ್ಲಿ ಎಳೆಯ ಮಗುವಿತ್ತು. ಆಕೆಗೆ ಸಂಜೆಯ ಬದಲು ಬೆಳಗಿನ ಹೊತ್ತು ಕೊಟ್ಟೆವು. ವಾರಕ್ಕೊಮ್ಮೆ ಕುಳಿತು, ಯಾವ ಪಾಠ ಯಾರಿಗೆ ಹತ್ತಿಲ್ಲವೆಂದು ನಿರ್ದಾಕ್ಷಿಣ್ಯವಾಗಿ ಚರ್ಚಿಸುತ್ತಿದ್ದೆವು. ಚಹಾ ಕುಡಿಯುತ್ತಲೇ ಆಡಿದ ಆ ಮಾತುಗಳು ಬಹಳ ಖಾರವಾಗಿಯೇ ಇರುತ್ತಿದ್ದವು. ಆದರೆ ಕೊಠಡಿಯ ಹೊರಗೆ ಹೋಗುತ್ತಿರಲಿಲ್ಲ.

ಆ ವರ್ಷ ನೂರಕ್ಕೆ ನೂರು ಬರಲಿಲ್ಲ. ಹದಿನಾಲ್ವರಲ್ಲಿ ಒಂಬತ್ತು ಮಕ್ಕಳು ಮೊದಲ ಯತ್ನದಲ್ಲಿ ಉತ್ತೀರ್ಣರಾದರು, ಮೂವರು ಪೂರಕ ಪರೀಕ್ಷೆಯಲ್ಲಿ ದಾಟಿದರು. ಇಬ್ಬರನ್ನು ಉಳಿಸಿಕೊಳ್ಳಲಾಗಲಿಲ್ಲ. ಮಂಡಳಿಯ ಸಭೆಯಲ್ಲಿ ನಾನು ಸಾಕಷ್ಟು ಮಾತು ಕೇಳಬೇಕಾಯಿತು. ಮೂರು ವರ್ಷಗಳ ನಂತರ ಶಾಲೆಯ ಫಲಿತಾಂಶ ತಾಲೂಕಿನಲ್ಲಿ ಗಮನ ಸೆಳೆದಾಗ, ಸನ್ಮಾನಕ್ಕೆ ಗಣಿತದ ಶಿಕ್ಷಕರನ್ನು ವೇದಿಕೆಗೆ ಕಳಿಸಿ ನಾನು ಸಭಿಕರೊಡನೆ ಕುಳಿತೆ. ಅಂದಿನ ಸಂತೋಷ ಈಗಲೂ ನನ್ನೊಡನಿದೆ.

ಇತ್ತೀಚೆಗೆ ನನ್ನ ಮಗಳು ಇದೇ ವಿಷಯವನ್ನೆತ್ತಿದಳು. ಅವಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹನ್ನೆರಡು ಜನರ ತಂಡಕ್ಕೆ ಮುಖ್ಯಸ್ಥೆ. "ಅಪ್ಪಾ, ನೀವು ಹೇಳೋದೆಲ್ಲ ಖರೆ. ಆದರ ಇಸ್ರೋಕ್ಕ ಮತ್ತೊಂದು ವರ್ಷ ಸಿಕ್ಕಿತು. ನಮಗ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಮ್ಯಾಲಿನವರು ನನ್ನನ್ನ ಒತ್ತಿದರ ನಾ ಕೆಳಗಿನವರನ್ನ ಒತ್ತದೆ ಏನು ಮಾಡ್ಲಿ?" ಎಂದಳು. ಅವಳ ತಂಡದಲ್ಲಿ ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ್ದ ಒಬ್ಬ ಹೆಣ್ಣುಮಗಳಿದ್ದಳು. ಆಕೆಯನ್ನು ತಂಡದಿಂದ ಬಿಡಬೇಕೋ ಉಳಿಸಿಕೊಳ್ಳಬೇಕೋ ಎಂಬುದೇ ಅವಳ ಮುಂದಿದ್ದ ನಿಜವಾದ ಪ್ರಶ್ನೆ.

ಅವಳ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿರಲಿಲ್ಲ. "ತಂಗೀ, ಮ್ಯಾಲಿಂದ ಬಿದ್ದದ್ದನ್ನ ಬಿದ್ದಾಂಗ ಕೆಳಗ ಸುರಿಯೋದಾದರ ಕೊಳವೆ ಸಾಕು, ನೀ ಯಾಕ ಬೇಕು?" ಎಂದೆ. ಗಡುವು ಬದಲಾಗದಿರಬಹುದು. ಆ ಗಡುವಿನೊಳಗೆ ಯಾವ ಕೆಲಸ ಅತ್ಯಗತ್ಯ, ಯಾವುದನ್ನು ಬಿಡಬಹುದು ಎಂದು ವಿಂಗಡಿಸುವುದು ಮುಖ್ಯಸ್ಥರ ಕೆಲಸ. ಆಗದ್ದನ್ನು ಆಗದೆಂದು ಮೇಲಿನವರಿಗೆ ಮೊದಲೇ ಹೇಳುವ ಧೈರ್ಯವೂ ಅವರದೇ. ಆ ಹೆಣ್ಣುಮಗಳಿಗೆ ರಾತ್ರಿಯ ಕೆಲಸ ತಪ್ಪಿಸಿ, ಅವಳು ಬಲ್ಲ ಕಠಿಣ ಕೆಲಸವನ್ನೇ ಹಗಲಿನಲ್ಲಿ ಒಪ್ಪಿಸು. ಕನಿಕರದಿಂದ ಹಗುರ ಕೆಲಸ ಕೊಟ್ಟು ಮೂಲೆಗೆ ಕೂರಿಸಿದರೆ ಅದೂ ಒಂದು ಅವಮಾನವೇ ಎಂದು ಹೇಳಿದೆ. ಮಗಳು ಹಾಗೆಯೇ ಮಾಡಿದಳು. ಆಕೆ ಈಗಲೂ ಅದೇ ತಂಡದಲ್ಲಿದ್ದಾಳೆ. ಮಗಳ ಮೇಲಿನ ಒತ್ತಡವೇನೂ ಕಡಿಮೆಯಾಗಿಲ್ಲ. ಮುಂದಾಳಿನ ಸ್ಥಾನವೆಂದರೆ ಸ್ವಲ್ಪ ಮಟ್ಟಿಗೆ ಆ ಒತ್ತಡ ತಡೆಯುವ ಗೋಡೆಯೇ.

ಒಬ್ಬ ವ್ಯಕ್ತಿಯ ಗುಣ ಅವನೊಡನೆಯೇ ಹೋಗಿಬಿಡುವುದುಂಟು. ಧವನ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ನಂತರ ಅಧ್ಯಕ್ಷರಾದ ಪ್ರೊ. ಯು.ಆರ್. ರಾವ್ ಅವರ ಕಾಲದಲ್ಲಿ ಎ.ಎಸ್.ಎಲ್.ವಿ. ರಾಕೆಟ್ 1987ರಲ್ಲಿ ವಿಫಲವಾಯಿತು, 1988ರಲ್ಲಿ ಮತ್ತೆ ವಿಫಲವಾಯಿತು. 1992ರಲ್ಲಿ ಗೆದ್ದಿತು. ಪಿ.ಎಸ್.ಎಲ್.ವಿ.ಯ ಮೊದಲ ಹಾರಾಟ 1993ರ ಸೆಪ್ಟೆಂಬರಿನಲ್ಲಿ ಸೋತಿತು. ಮರುವರ್ಷ ಅಕ್ಟೋಬರಿನಲ್ಲಿ ಯಶಸ್ವಿಯಾಗಿ, ಮುಂದೆ ದೇಶದ ನಂಬುಗೆಯ ವಾಹನವಾಯಿತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ ಚಂದ್ರನ ನೆಲ ಮುಟ್ಟುವ ಹೊತ್ತಿಗೆ ಕೈತಪ್ಪಿದ್ದನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡೆವು. ಆ ಸೋಲಿನ ಒಂದೊಂದು ಎಳೆಯನ್ನೂ ಬಿಡಿಸಿ, ಏನೇನು ಕೆಡಬಹುದೆಂಬುದನ್ನೇ ಆಧಾರವಾಗಿಟ್ಟುಕೊಂಡು ಚಂದ್ರಯಾನ-3ನ್ನು ರೂಪಿಸಿದರು. 2023ರ ಆಗಸ್ಟ್ 23ರಂದು ಅದು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿಯಿತು. ಸೋಲನ್ನು ಒಪ್ಪಿಕೊಳ್ಳಲು ಅಂಜದ ಸಂಸ್ಥೆ ಮಾತ್ರ ಸೋಲಿನಿಂದ ಕಲಿಯಬಲ್ಲದು.

ಧವನ್ ಅವರು 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಪಕ್ಷಿಗಳ ಹಾರಾಟದ ಬಗೆಗೆ ಅವರೊಂದು ಪುಸ್ತಕ ಬರೆದಿದ್ದಾರೆ. ರಾಕೆಟ್ ಹಾರಿಸಿದವರಿಗೆ ಹಕ್ಕಿಯ ರೆಕ್ಕೆಯನ್ನು ತಾಳ್ಮೆಯಿಂದ ನೋಡುವ ಬಿಡುವೂ ಇತ್ತು.

ಇವೆಲ್ಲ ದೊಡ್ಡವರ ಮಾತಾಯಿತು, ನಮ್ಮ ಸಂಸಾರಕ್ಕೆ ಇದರಿಂದೇನು ಎಂದು ಓದುಗ ಬಂಧುಗಳು ಕೇಳಬಹುದು. ನಮ್ಮ ಮನೆಗಳಲ್ಲಿಯೂ ಪ್ರತಿದಿನ ಇದೇ ಪರೀಕ್ಷೆ ನಡೆದಿರುತ್ತದೆ. ಮಗನ ಅಂಕಪಟ್ಟಿ ಬಂದಾಗ ನೆಂಟರ ಎದುರು ಅವನನ್ನು ಹಂಗಿಸುತ್ತೇವೆಯೋ, ಅಥವಾ ಅವರು ಹೋದ ಮೇಲೆ ಪಕ್ಕದಲ್ಲಿ ಕುಳಿತು ಯಾವ ಲೆಕ್ಕ ತಪ್ಪಿತೆಂದು ನೋಡುತ್ತೇವೆಯೋ? ಅಡುಗೆ ಕೆಟ್ಟ ದಿನ ಅತ್ತೆ ಪಂಕ್ತಿಯಲ್ಲಿಯೇ ಸೊಸೆಯ ಹೆಸರೆತ್ತುವರೋ, 'ಇವತ್ತು ನಮ್ಮ ಕೈ ತಪ್ಪಿತು' ಎಂದು ತಾವೂ ಪಾಲುಗೊಳ್ಳುವರೋ? ಅಂಗಡಿಯಲ್ಲಿ ಗಿರಾಕಿಯ ಎದುರು ಆಳಿನ ಮೇಲೆ ಕೂಗುವ ಧಣಿ, ಸಂಘದ ವಾರ್ಷಿಕ ಸಭೆಯಲ್ಲಿ ಲಾಭವಾದರೆ ಮೈಕಿನ ಮುಂದೆ ನಿಂತು, ನಷ್ಟವಾದರೆ ಕಾರ್ಯದರ್ಶಿಯನ್ನು ಮುಂದೆ ತಳ್ಳುವ ಅಧ್ಯಕ್ಷ, ಇವರನ್ನೂ ನಾವು ಬಲ್ಲೆವು. ದೊಡ್ಡ ಮನೆಯ ಮದುವೆಯಲ್ಲಿ ಎಲ್ಲರ ಎಲೆಗೂ ಬಡಿಸಿ, ಅಡುಗೆಯವರಿಗೂ ಉಣಿಸಿ, ಕೊನೆಯ ಪಂಕ್ತಿಯಲ್ಲಿ ಕೂರುವ ಹಿರಿಯರನ್ನೂ ಬಲ್ಲೆವು. ಅಂಥವರು ಹೇಳಿದ ಕೆಲಸಕ್ಕೆ ಯಾರೂ ಇಲ್ಲವೆನ್ನುವುದಿಲ್ಲ.

ಕಾಯಕವೂ ದಾಸೋಹವೂ ಒಂದನ್ನೊಂದು ಬಿಟ್ಟಿರಲಾರವೆಂದು ಕೇಳುತ್ತ ಬೆಳೆದ ನಮಗೆ ಇದು ಹೊಸ ಉಪದೇಶವೇನಲ್ಲ. ಕೆಲಸದಲ್ಲಿ ಕಟ್ಟುನಿಟ್ಟು ಇರಲಿ. ಕೆಲಸ ಮಾಡುವವನ ಊಟ ಆಯಿತೇ ಎಂದು ಕೇಳುವ ಅಂತಃಕರಣವೂ ಇರಲಿ. ಕುಂದು ಬಂದ ದಿನ ಮುಂದೆ ನಿಲ್ಲೋಣ, ಕೀರ್ತಿ ಬಂದ ದಿನ ಒಂದು ಹೆಜ್ಜೆ ಹಿಂದೆ ಸರಿಯೋಣ. ಹಿರಿತನವು ತಾನಾಗಿಯೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ.